ಅಜ್ಜನ ಖಾತೆ ಪುಸ್ತಕದಲ್ಲಿ "ಕಂಪನಿ ಜಗಳ" ಅಂತ ಬರೆದಿದೆ. 1928ರಲ್ಲಿ ಚಿಮಣಿ ಎಣ್ಣೆ ಯಾಕೆ ಸೋವಿ ಆಗಿತ್ತು?

ಆಳಂದ ಕಿರಾಣಿ ಬರೆದದ್ದು:

ಎಲ್ಲರಿಗೂ ಶರಣು. ಇತಿಹಾಸ ಓದಿದವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅಜ್ಜನದು ಆಳಂದದಲ್ಲಿ ಕಿರಾಣಿ ಅಂಗಡಿ ಇತ್ತು. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಅವರ ಖಾತೆ ಪುಸ್ತಕಗಳು ಸಿಕ್ಕವು. ಕೆಂಪು ಅರಿವೆಯ ರಟ್ಟು, ಉದ್ದನೆಯ ಹಾಳೆ, ಪ್ರತಿ ಪುಟದ ತಲೆಯ ಮೇಲೆ "ಶ್ರೀ". ಕೆಲವು ಪುಟ ಕನ್ನಡದಲ್ಲಿವೆ, ಕೆಲವು ಹಳೇ ಮೋಡಿ ಲಿಪಿಯಲ್ಲಿವೆ. ಮೋಡಿ ನನಗೆ ಬರುವುದಿಲ್ಲ.

ಒಂದು ಪುಸ್ತಕದ ಮೇಲೆ ಫಸಲಿ 1337 ಅಂತ, ನಿಜಾಮ್ ಕಾಲದ ವರ್ಷದ ಲೆಕ್ಕದಲ್ಲಿ ಇದೆ. ಅದರಲ್ಲಿ "ಚಿ. ಎಣ್ಣಿ ಡಬ್ಬಿ", ಅಂದರೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಡಬ್ಬಿ, ಅಂತ ಮತ್ತೆ ಮತ್ತೆ ಬರುತ್ತದೆ. ರೂಪಾಯಿ ಅಂಕಿ ತೇವಕ್ಕೆ ಹರಡಿಹೋಗಿದೆ. ಆಣೆ ತೋರಿಸುವ ಗೀಟುಗಳು ಮಾತ್ರ ಚೆನ್ನಾಗಿ ಕಾಣುತ್ತವೆ. ಒಂದೇ ವರ್ಷದಲ್ಲಿ ಮೂರು ಸಲ ಭಾವ ಇಳಿದಿದೆ. ಮೂರನೇ ಸಲ ಇಳಿದಲ್ಲಿ ಅಜ್ಜ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಂಪನಿ ಜಗಳ" ಅಂತ ಬರೆದಿದ್ದಾರೆ. ಅಷ್ಟೇ, ಬೇರೆ ಏನೂ ಇಲ್ಲ.

ನಮ್ಮ ಅಪ್ಪ ಅದನ್ನು ಅಂಗಡಿ ಪಾಲುದಾರರ ಜಗಳ ಅಂತ ತಿಳಿದಿದ್ದರು. ನನಗೆ ಹಾಗೆ ಅನಿಸುವುದಿಲ್ಲ. ಪಾಲುದಾರರನ್ನು ಅಜ್ಜ ಹೆಸರು ಹಿಡಿದು ಬರೆಯುತ್ತಿದ್ದರು, ಕಂಪನಿ ಅನ್ನುತ್ತಿರಲಿಲ್ಲ. ಚಿಕ್ಕವನಿದ್ದಾಗ ಅಜ್ಜಿ ಹೇಳುತ್ತಿದ್ದ ಒಂದು ಮಾತು ನೆನಪಿದೆ: "ಆ ವರ್ಷ ಚಿಮಣಿ ಎಣ್ಣಿ ಬಾಳ ಸೋವಿ ಇತ್ತು, ಎರಡು ಕಂದೀಲ ಹಚ್ಚತಿದ್ವಿ." ಆ ವರ್ಷ ಇದೇ ಇರಬಹುದಾ? ಯಾವ ಕಂಪನಿ, ಯಾರ ಜಗಳ?

---

ಬೀದರ್ ಮಾಸ್ತರ ಬರೆದದ್ದು:

ಶರಣು ಅಣ್ಣಾವ್ರೇ. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಈ ಪಾಠ ಹೇಳಿದ್ದೇನೆ. ಅದಕ್ಕೆ ನಮ್ಮ ಸೀಮೆಯ ಅಂಗಡಿಯಲ್ಲೇ ಗುರುತು ಸಿಗುತ್ತದೆ ಅಂತ ಒಮ್ಮೆಯೂ ಅಂದುಕೊಂಡಿರಲಿಲ್ಲ.

ಮೊದಲು ವರ್ಷ ಸರಿ ಮಾಡಿಕೊಳ್ಳೋಣ. ನಮ್ಮ ನಿಜಾಮ್ ರಾಜ್ಯದ ಫಸಲಿಗೆ 590 ಕೂಡಿಸಿ. 1337 ಅಂದರೆ 1927ರ ಅಕ್ಟೋಬರ್‌ನಿಂದ 1928ರ ಅಕ್ಟೋಬರ್‌ವರೆಗೆ. ಆ ವರ್ಷ ಹಿಂದೂಸ್ತಾನದ ಮಾರುಕಟ್ಟೆಯಲ್ಲಿ ದೊಡ್ಡದೊಂದು ಎಣ್ಣೆ ಜಗಳ ನಡೆದಿತ್ತು. ನಿಮ್ಮ ಅಜ್ಜ ಬರೆದದ್ದು ಅದನ್ನೇ ಅಂತ ನಾನು ನಂಬುತ್ತೇನೆ.

ಜಗಳ ಎರಡು ಕಂಪನಿಗಳದು. ಒಂದು ರಾಯಲ್ ಡಚ್ ಶೆಲ್, ಅದರ ಯಜಮಾನ ಹೆನ್ರಿ ಡೆಟರ್ಡಿಂಗ್. ಇನ್ನೊಂದು ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಯಾರ್ಕ್. ಜಗಳದ ಬೇರು ಇದ್ದದ್ದು ಆಗಿನ ರಷ್ಯಾದ ಎಣ್ಣೆ ಊರು ಬಾಕುವಿನಲ್ಲಿ. ಅಲ್ಲಿನ ರಾಥ್‌ಶೀಲ್ಡ್ ಮನೆತನದ ಎಣ್ಣೆ ಆಸ್ತಿಯನ್ನು ಶೆಲ್ ಮೊದಲ ಮಹಾಯುದ್ಧಕ್ಕಿಂತ ಮುಂಚೆಯೇ ಕೊಂಡಿತ್ತು. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಅಧಿಕಾರ ಹಿಡಿದ ಬೋಲ್ಶೆವಿಕರು ಎಲ್ಲವನ್ನೂ ಸರ್ಕಾರಕ್ಕೆ ಸೇರಿಸಿಕೊಂಡರು. ಪರಿಹಾರ ಕೊಡುವವರೆಗೆ ರಷ್ಯಾದ ಎಣ್ಣೆ ಯಾರೂ ಕೊಳ್ಳಬಾರದು ಅಂತ 1922ರಲ್ಲಿ ಕಂಪನಿಗಳು ಒಂದಾದವು. ಆ ಒಗ್ಗಟ್ಟು ನಿಲ್ಲಲಿಲ್ಲ. ಡೆಟರ್ಡಿಂಗ್ ತಾನೇ ಸ್ವಲ್ಪ ದಿನ ಆ ಎಣ್ಣೆ ಕೊಂಡ. ಆಮೇಲೆ ನ್ಯೂಯಾರ್ಕ್‌ನ ಕಂಪನಿ ರಷ್ಯಾದ ಸೀಮೆಎಣ್ಣೆಯನ್ನು ಸೋವಿಯಲ್ಲಿ ಎತ್ತಿ ಹಿಂದೂಸ್ತಾನಕ್ಕೆ ತಂದು ಮಾರತೊಡಗಿತು. ಕಪ್ಪು ಸಮುದ್ರದಿಂದ ಸೂಯೆಜ್ ಹಾದು ಮುಂಬೈಗೆ ಬರುವ ದಾರಿ ಅಮೆರಿಕದಿಂದ ಬರುವುದಕ್ಕಿಂತ ಎಷ್ಟೋ ಹತ್ತಿರ, ಅಲ್ವಾ? ಡೆಟರ್ಡಿಂಗ್ ಅದನ್ನು ಕಳ್ಳಮಾಲು ಅಂತ ಕರೆದ. 1927ರ ಸೆಪ್ಟೆಂಬರ್‌ನಲ್ಲಿ ಹಿಂದೂಸ್ತಾನದಲ್ಲಿ ಭಾವ ಇಳಿಸಿದ. ಅಮೆರಿಕದವರೂ ಇಳಿಸಿದರು. ಇಳಿಸಿ ಇಳಿಸಿ ಆ ಜಗಳ ಬೇರೆ ದೇಶಗಳ ಮಾರುಕಟ್ಟೆಗೂ ಹಬ್ಬಿತು.

ಗುಲ್ಬರ್ಗ ಸ್ಟೇಷನ್ನಿಗೆ ಮುಂಬೈ ಕಡೆಯಿಂದ ರೈಲಿನಲ್ಲಿ ಮಾಲು ಬರುತ್ತಿತ್ತು. ಅಲ್ಲಿಂದ ಗಂಜ್ ಅನ್ನುವ ಸಗಟು ಪೇಟೆ, ಗಂಜ್‌ನಿಂದ ಆಳಂದ. ಮಧ್ಯದಲ್ಲಿ ನಿಜಾಮ್ ಸರ್ಕಾರದ ಕರೋಡಗಿರಿ ಸುಂಕ ಬೇರೆ. ಇಷ್ಟೆಲ್ಲ ದಾಟಿದ ಮೇಲೂ ಇಳಿತ ನಿಮ್ಮ ಅಜ್ಜನ ಪುಟಕ್ಕೆ ಬಂದು ಮುಟ್ಟಿದೆ. ಗಂಜ್‌ನ ಏಜೆಂಟ್ ಬಾಯಿಂದ "ಕಂಪನಿಯವರು ಜಗಳ ಹಚ್ಚಿಕೊಂಡಾರ" ಅನ್ನುವ ಮಾತು ಕೇಳಿ ಬರೆದಿರಬೇಕು.

ಈ ಜಗಳದ ನಡುವೆ ಸಿಕ್ಕಿಕೊಂಡದ್ದು ಬರ್ಮಾ ಆಯಿಲ್ ಕಂಪನಿ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಅಲ್ಲಿನ ಸೀಮೆಎಣ್ಣೆಗೆ ನಮ್ಮ ಹಳ್ಳಿಗಳ ಕಂದೀಲೇ ಗಿರಾಕಿ. 1928ರಲ್ಲಿ ಶೆಲ್ ಮತ್ತು ಬರ್ಮಾ ಕೂಡಿ ಮಾರಾಟಕ್ಕೆ ಒಂದೇ ಕಂಪನಿ ಮಾಡಿದವು, ಅದೇ ಬರ್ಮಾ ಶೆಲ್. ಈ ಹೆಸರು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. 1976ರಲ್ಲಿ ಸರ್ಕಾರ ತೆಗೆದುಕೊಂಡ ಮೇಲೆ ಅದು ಭಾರತ್ ಪೆಟ್ರೋಲಿಯಂ ಆಯಿತು.

---

ಯಾದಗಿರಿ ಓದುಗಿ ಬರೆದದ್ದು:

ಮಾಸ್ತರೇ, ಇದು ನಮ್ಮ ಕೆಎಎಸ್ ತಯಾರಿಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅಲ್ಲಿ ಮೋಸುಲ್, ಸ್ಯಾನ್ ರೆಮೊ, ಕೆಂಪು ಗೆರೆ ಒಪ್ಪಂದ ಅಂತ ಸುಮ್ನೆ ಹೆಸರು, ಇಸವಿ ಕೊಟ್ಟಿದ್ದಾರೆ. ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಆಳಂದದ ಅಣ್ಣಾರ ಡಬ್ಬಿಗೂ ಅದಕ್ಕೂ ಸಂಬಂಧ ಇದೆಯಾ?

---

ಬೀದರ್ ಮಾಸ್ತರ ಬರೆದದ್ದು:

ಇದೆ ತಂಗಿ. ಆ ಡಬ್ಬಿ ಹಿಡಿದುಕೊಂಡೇ ಹೋಗೋಣ.

1901ರಲ್ಲಿ ವಿಲಿಯಂ ಡಾರ್ಸಿ ಎಂಬಾತ ಪರ್ಷಿಯಾದ (ಇವತ್ತಿನ ಇರಾನ್) ದೊರೆ ಷಾನಿಂದ 60 ವರ್ಷದ ಎಣ್ಣೆ ಗುತ್ತಿಗೆ ಪಡೆದ. ಷಾಗೆ ನಗದು 20,000 ಪೌಂಡ್, ಅಷ್ಟೇ ಬೆಲೆಯ ಷೇರು, ಮುಂದೆ ಲಾಭದಲ್ಲಿ ನೂರಕ್ಕೆ 16. ರಷ್ಯಾಕ್ಕೆ ಸಿಟ್ಟು ಬರಬಾರದು ಅಂತ ಉತ್ತರದ ಐದು ಪ್ರಾಂತ್ಯ ಬಿಟ್ಟರು. ಅದರಲ್ಲಿ ಗೀಲಾನ್ ಒಂದು. ನಮ್ಮ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನನ ಊರ ಸೀಮೆ ಅದು. ಈ ಗುತ್ತಿಗೆಯ ಪಾಠ ಮಾಡುವಾಗಲೆಲ್ಲ ನನಗೆ ಮದರಸಾದ ಮೀನಾರಿನ ನೀಲಿ ಹೆಂಚು ಕಣ್ಣ ಮುಂದೆ ಬರುತ್ತಿತ್ತು.

ಡಾರ್ಸಿಯ ದುಡ್ಡು ಮುಗಿಯಿತು. ಅವನು ಗುತ್ತಿಗೆಯನ್ನು ಫ್ರೆಂಚರಿಗೆ ಮಾರಿಬಿಟ್ಟರೆ ಏನು ಗತಿ ಅಂತ ಬ್ರಿಟನ್ನಿನ ನೌಕಾಪಡೆಗೆ ಚಿಂತೆ ಹತ್ತಿತು. 1905ರಲ್ಲಿ ದುಡ್ಡು ಹಾಕಿದ್ದು ಇದೇ ಬರ್ಮಾ ಆಯಿಲ್. ನಮ್ಮ ಕಂದೀಲುಗಳಲ್ಲಿ ಉರಿದ ಎಣ್ಣೆಯ ಲಾಭ ಪರ್ಷಿಯಾದ ಬಂಡೆಗೆ ಹೋಯಿತು ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ಎಣ್ಣೆ ಸಿಕ್ಕಿತು. 1914ರಲ್ಲಿ ನೌಕಾಪಡೆಯ ಮಂತ್ರಿ ಚರ್ಚಿಲ್ ಮುಂದೆ ನಿಂತು ಬ್ರಿಟಿಷ್ ಸರ್ಕಾರಕ್ಕೇ ಆ ಎಣ್ಣೆ ತೆಗೆಯುವ ಆಂಗ್ಲೋ ಪರ್ಷಿಯನ್ ಕಂಪನಿಯ ಹೆಚ್ಚಿನ ಪಾಲು ಕೊಡಿಸಿದ. ಅಲ್ಲಿಂದ ಕಂಪನಿ ಬೇರೆ, ಸರ್ಕಾರ ಬೇರೆ ಅನ್ನುವುದು ಕಷ್ಟವಾಯಿತು.

ಈಗ ಮೋಸುಲ್, ಇವತ್ತಿನ ಉತ್ತರ ಇರಾಕಿನ ಎಣ್ಣೆ ಸೀಮೆ. 1916ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಮಾಡಿಕೊಂಡ ಗುಟ್ಟಿನ ಒಪ್ಪಂದದಲ್ಲಿ ಅದು ಫ್ರಾನ್ಸಿನ ಪಾಲಿಗಿತ್ತು. 1918ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ಪ್ರಧಾನಿ ಕ್ಲೆಮನ್ಸೋ ಬಾಯಿಮಾತಿನಲ್ಲೇ ಅದನ್ನು ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ಬಿಟ್ಟುಕೊಟ್ಟ. 1920ರಲ್ಲಿ ಸ್ಯಾನ್ ರೆಮೊದಲ್ಲಿ ಫ್ರಾನ್ಸಿಗೆ ಪ್ರತಿಫಲ ಸಿಕ್ಕಿತು. ಮೋಸುಲ್ ಎಣ್ಣೆಗೆ ಕಾದು ಕೂತಿದ್ದ ಟರ್ಕಿಷ್ ಪೆಟ್ರೋಲಿಯಂ ಕಂಪನಿಯಲ್ಲಿ, ಯುದ್ಧದಲ್ಲಿ ಸೋತ ಜರ್ಮನರಿಗಿದ್ದ ಕಾಲು ಪಾಲು ಅದರದಾಯಿತು. ಅಮೆರಿಕ ಕೂಗೆಬ್ಬಿಸಿತು: ಯುದ್ಧದಲ್ಲಿ ನಾವೂ ಇದ್ದೆವು, ಬಾಗಿಲು ನಮಗೂ ತೆರೆದಿರಬೇಕು ಅಂತ. ಟರ್ಕಿ ಮೋಸುಲ್ ನನ್ನದು ಅಂತ ಲೀಗ್ ಆಫ್ ನೇಷನ್ಸ್‌ವರೆಗೆ ಹೋಯಿತು. 1925ರಲ್ಲಿ ಲೀಗ್ ಅದನ್ನು ಬ್ರಿಟನ್ನಿನ ಕೈಯಲ್ಲಿದ್ದ ಇರಾಕಿಗೆ ಕೊಟ್ಟಿತು. ಮರುವರ್ಷ ಟರ್ಕಿ 25 ವರ್ಷದವರೆಗೆ ಎಣ್ಣೆ ವರಮಾನದ ಹತ್ತನೇ ಒಂದು ಪಾಲಿಗೆ ಒಪ್ಪಿತು. ಅಷ್ಟು ಹೊತ್ತಿಗೆ ಇರಾಕ್ ಸರ್ಕಾರದಿಂದ 75 ವರ್ಷದ ಗುತ್ತಿಗೆಗೆ ಸಹಿ ಆಗಿಹೋಗಿತ್ತು. ಇರಾಕಿಗರು ನಮಗೂ ಕಂಪನಿಯಲ್ಲಿ ಪಾಲು ಬೇಕು ಅಂತ ಕೇಳಿದ್ದರು, ಸಿಗಲಿಲ್ಲ. ನನಗೆ ಇವತ್ತಿಗೂ ನೋಯುವ ಸಂಗತಿ ಇದು.

ಈಗ ಆಳಂದದ ಅಣ್ಣಾರ ಪುಸ್ತಕಕ್ಕೆ ಬನ್ನಿ. ಫಸಲಿ 1337 ಶುರುವಾಗಿ ಸುಮಾರು ಹತ್ತು ದಿನ. 1927ರ ಅಕ್ಟೋಬರ್ ಮಧ್ಯದಲ್ಲಿ ಕಿರ್ಕುಕ್ ಹತ್ತಿರ ಬಾಬಾ ಗುರ್ಗುರ್ ಎಂಬಲ್ಲಿ ಎಣ್ಣೆ ಬುಗ್ಗೆ ಎದ್ದಿತು. ಒಂದು ವಾರಕ್ಕೂ ಜಾಸ್ತಿ ಯಾರ ಹಿಡಿತಕ್ಕೂ ಸಿಗಲಿಲ್ಲ. ಕೆಲಸಗಾರರು ಸತ್ತರು. ಒಂದು ಕಡೆ ರಷ್ಯಾದ ಎಣ್ಣೆ, ಇನ್ನೊಂದು ಕಡೆ ಇರಾಕಿನ ಹೊಸ ಎಣ್ಣೆ. ಭಾವ ಎಲ್ಲಿ ನಿಂತೀತು ಅಂತ ದೊಡ್ಡ ಕಂಪನಿಗಳಿಗೇ ದಿಗಿಲಾಯಿತು.

ಅದಕ್ಕೇ 1928ರ ಜುಲೈ 31ರ ಕೆಂಪು ಗೆರೆ ಒಪ್ಪಂದ. ಆಂಗ್ಲೋ ಪರ್ಷಿಯನ್, ಶೆಲ್, ಫ್ರೆಂಚರು, ಅಮೆರಿಕದವರು, ನಾಲ್ವರಿಗೂ ಟರ್ಕಿಷ್ ಪೆಟ್ರೋಲಿಯಂ ಕಂಪನಿಯಲ್ಲಿ ನೂರಕ್ಕೆ ತಲಾ 23.75, ಮಧ್ಯಸ್ಥಿಕೆ ಮಾಡಿದ ಗುಲ್ಬೆಂಕಿಯನ್‌ಗೆ 5. ಹಳೇ ಒಟ್ಟೊಮನ್ ಸಾಮ್ರಾಜ್ಯದ ಸುತ್ತ ಎಳೆದ ಗೆರೆಯೊಳಗೆ ಯಾರೂ ಬೇರೆಯಾಗಿ ಗುತ್ತಿಗೆ ಹಿಡಿಯಬಾರದು ಅಂತ ಕರಾರು. ಸೆಪ್ಟೆಂಬರ್‌ನಲ್ಲಿ ಡೆಟರ್ಡಿಂಗ್, ಅಮೆರಿಕದ ಇನ್ನೊಂದು ಕಂಪನಿ ಜರ್ಸಿ ಸ್ಟ್ಯಾಂಡರ್ಡ್‌ನ ಟೀಗಲ್, ಆಂಗ್ಲೋ ಪರ್ಷಿಯನ್‌ನ ಕ್ಯಾಡ್ಮನ್ ಸ್ಕಾಟ್ಲೆಂಡಿನ ಅಕ್ನಾಕ್ಯಾರಿ ಕೋಟೆಯಲ್ಲಿ ಸೇರಿದರು. ಹೊರಗೆ ಹೇಳಿದ್ದು ಬೇಟೆಗೆ ಬಂದಿದ್ದೇವೆ ಅಂತ. ಒಳಗೆ ಆದ ಮಾತು, ಈಗ ಯಾರ ಮಾರುಕಟ್ಟೆ ಎಷ್ಟಿದೆಯೋ ಅಷ್ಟೇ ಇರಲಿ, ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈ ಹಾಕುವುದು ಬೇಡ. ಆ ಕಾಗದ 1952ರವರೆಗೆ ಜನರ ಕೈಗೆ ಬರಲಿಲ್ಲ. ಅವರನ್ನು ಅಲ್ಲಿಗೆ ದೂಡಿದ್ದು ಹಿಂದೂಸ್ತಾನದಲ್ಲಿ ಹೊತ್ತಿದ ಭಾವದ ಜಗಳ.

ಅಣ್ಣಾವ್ರೇ, ನಿಮ್ಮ ಹತ್ತಿರ ಫಸಲಿ 1338, 1339ರ ಪುಸ್ತಕ ಇದ್ದರೆ ದಯವಿಟ್ಟು ನೋಡಿ. ಭಾವ ಎಲ್ಲಿ ನಿಂತಿತು ಅಂತ ತಿಳಿಯಬೇಕು.

---

ದಮ್ಮಾಮ್‌ನಿಂದ ಬರೆದದ್ದು:

ನಾನು ಹುಮನಾಬಾದಿನವನು, ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ. 1938ರಲ್ಲಿ ಸೌದಿಯ ಮೊದಲ ದೊಡ್ಡ ಎಣ್ಣೆ ಸಿಕ್ಕ ದಮ್ಮಾಮ್ 7ನೇ ಬಾವಿ ನಾವು ದಿನಾ ಓಡಾಡುವ ಕಡೆಯೇ ಇದೆ. ಅದಕ್ಕೇ ಒಂದು ಮಾತು ಸೇರಿಸುತ್ತೇನೆ ಮಾಸ್ತರೇ.

ಆ ಕೆಂಪು ಗೆರೆಯಿಂದಲೇ ಈ ಜಾಗ ಬ್ರಿಟಿಷರ ಕೈ ತಪ್ಪಿತು. ಅಮೆರಿಕದ ಗಲ್ಫ್ ಕಂಪನಿಗೆ ಬಹ್ರೈನ್‌ನಲ್ಲಿ ಅವಕಾಶ ಸಿಕ್ಕಿತ್ತು. ಅದೂ ಆ ಒಪ್ಪಂದದಲ್ಲಿದ್ದುದರಿಂದ ಗೆರೆಯೊಳಗೆ ಒಂಟಿಯಾಗಿ ಹೋಗುವಂತಿರಲಿಲ್ಲ. 1928ರ ಕೊನೆಗೆ ಅದು ತನ್ನ ಹಕ್ಕನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಕಂಪನಿಗೆ ಬಿಟ್ಟಿತು. ಅವರು ಗೆರೆಗೆ ಸಹಿ ಹಾಕಿರಲಿಲ್ಲ. 1932ರಲ್ಲಿ ಬಹ್ರೈನ್‌ನಲ್ಲಿ ಎಣ್ಣೆ ಬಂತು. 1933ರ ಮೇ 29ರಂದು ಅವರೇ ಸೌದಿ ದೊರೆ ಇಬ್ನ್ ಸೌದ್‌ನ ಸರ್ಕಾರದ ಜೊತೆ ಸಹಿ ಹಾಕಿದರು. ಮೊದಲ ಕಂತು 35,000 ಚಿನ್ನದ ನಾಣ್ಯ. ಜಿದ್ದಾದಲ್ಲಿ ಒಂದೊಂದಾಗಿ ಎಣಿಸಿ ಕೊಟ್ಟರು.

ಕುವೈತ್ ಗೆರೆಯ ಹೊರಗಿತ್ತು. ಅಲ್ಲಿ ಗಲ್ಫ್ ಮತ್ತು ಆಂಗ್ಲೋ ಪರ್ಷಿಯನ್ ವರ್ಷಗಟ್ಟಲೆ ಜಗ್ಗಾಡಿ 1934ರಲ್ಲಿ ಅರ್ಧ ಅರ್ಧ ಹಂಚಿಕೊಂಡವು. ಆ ಕಾಲದಲ್ಲೇ ಗಲ್ಫ್ ಕಂಪನಿಯ ಮನೆತನದ ಆಂಡ್ರೂ ಮೆಲನ್ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ನಮ್ಮವರು ಗಮನಿಸಬೇಕಾದದ್ದು ಇನ್ನೊಂದಿದೆ. ಕುವೈತ್ ಶೇಖ್‌ಗೆ ಸಹಿಯ ಹಣ ಕೊಟ್ಟದ್ದು ನಮ್ಮ ರೂಪಾಯಿಯಲ್ಲಿ, 4,75,000. ಟನ್ನಿಗೆ ರಾಯಧನ ಮೂರು ರೂಪಾಯಿ. ಪರ್ಷಿಯನ್ ಕೊಲ್ಲಿಯ ಸೀಮೆಯಲ್ಲಿ ಆಗ ನಮ್ಮ ನಾಣ್ಯವೇ ನಡೆಯುತ್ತಿತ್ತು. ಅಲ್ಲಿನ ಬ್ರಿಟಿಷ್ ಅಧಿಕಾರಿಗಳು ವರದಿ ಕಳಿಸುತ್ತಿದ್ದದ್ದೂ ದಿಲ್ಲಿಗೆ.

---

ಆಳಂದ ಕಿರಾಣಿ ಬರೆದದ್ದು:

ಮಾಸ್ತರೇ, ದಮ್ಮಾಮ್ ತಮ್ಮಾ, ಇಬ್ಬರಿಗೂ ಶರಣು. ಓದಿ ಕಣ್ಣು ತುಂಬಿತು. ಅಜ್ಜ ಎರಡೇ ಶಬ್ದ ಬರೆದಿದ್ದರು.

1338ರ ಪುಸ್ತಕ ಸಿಕ್ಕಿದೆ. ಇಲಿ ಒಂದು ಮೂಲೆ ತಿಂದಿದೆ. ಅರ್ಧ ವರ್ಷ ಭಾವ ಹೆಚ್ಚು ಕಡಿಮೆ ಒಂದೇ ಇದೆ. ಆಮೇಲೆ ಗೀಟು ಒಂದೊಂದು ಜಾಸ್ತಿ ಆಗಿದೆ. ತುಟ್ಟಿ ಆಗುವ ಮುಂಚೆ ಅಜ್ಜ ಒಂದೇ ದಿನ ಆರು ಡಬ್ಬಿ ತರಿಸಿದ್ದಾರೆ. ಬೇರೆ ದಿನಗಳಲ್ಲಿ ಎರಡಕ್ಕಿಂತ ಮೇಲಿಲ್ಲ. ಖಾಲಿ ಡಬ್ಬಿ ಮಾರಿದ ಲೆಕ್ಕವೂ ಇದೆ. ಒಂದು ಡಬ್ಬಿ ಮಾತ್ರ "ಮನಿಗೆ" ಅಂತ ಬರೆದಿದೆ. ನಮ್ಮ ಅಜ್ಜಿ ಜೋಳದ ಹಿಟ್ಟು ಹಾಕಿಡುತ್ತಿದ್ದ ಡಬ್ಬಿ ಅದೇ ಇರಬೇಕು. ಮುಚ್ಚಳಕ್ಕೆ ತಾಮ್ರದ ತಂತಿಯ ಹಿಡಿ ಇತ್ತು.

ಆರು ಡಬ್ಬಿ ತರಿಸಿದ ಸಾಲಿನ ಕೆಳಗೆ ಮೋಡಿಯಲ್ಲಿ ನಾಲ್ಕು ಸಾಲು ಇವೆ. ಅದರಲ್ಲಿ ಏನಿದೆ ಅಂತ ತಿಳಿಯದೆ ಸಮಾಧಾನ ಇಲ್ಲ. ಕಲಬುರಗಿಯಲ್ಲಿ ಮೋಡಿ ಓದುವವರು ಯಾರಾದರೂ ಇದ್ದರೆ ಹೇಳಿ. ಭಾನುವಾರ ಮುಂಜಾನೆ ಅಲ್ಲಿನ ಅಪ್ಪನ ಕೆರೆ ಹತ್ತಿರ ಪುಸ್ತಕ ಹಿಡಿದುಕೊಂಡು ಬರುತ್ತೇನೆ.