ಗೋಡೆ ಕುಸಿದರೆ ಯಾರಿಗೆ ಶಿಕ್ಷೆ? ಹಮ್ಮುರಾಬಿಯ ಕಾಲ ಮತ್ತು ಇಂದಿನ ಕಾನೂನು

ಪ್ರಶ್ನೆ (ಬದಿಯಡ್ಕ):
ಮುರಕಲ್ಲಿನ ಮನೆ ಕಟ್ಟಿಸುತ್ತಿರುವ ನನಗೆ ಮೇಸ್ತ್ರಿಯವರೊಂದಿಗೆ ಮಾತನಾಡುವಾಗ ಹುಟ್ಟಿದ ಸಂದೇಹವಿದು. ಕಳಪೆ ಕೆಲಸದಿಂದ ಗೋಡೆ ಕುಸಿದು ಜೀವಹಾನಿಯಾದರೆ ಪ್ರಾಚೀನ ಕಾನೂನುಗಳಲ್ಲಿ ಯಾವ ಶಿಕ್ಷೆಯಿತ್ತು? ಅಂದಿನ ಕಾಠಿಣ್ಯವೇ ನ್ಯಾಯವೆನ್ನುವವರಿಗೆ ಏನು ಹೇಳಬಹುದು?

ಉತ್ತರ (ನೀರ್ಚಾಲು):
ಮಾನ್ಯರೇ, ಕ್ರಿಸ್ತಪೂರ್ವ 18ನೆಯ ಶತಮಾನದ ಬಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನ ಇದನ್ನೇ ನೇರವಾಗಿ ಹೇಳುತ್ತದೆ. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ. ದಾಸ ಸತ್ತರೆ ಬದಲಿಗೆ ಇನ್ನೊಬ್ಬ ದಾಸನನ್ನು ಕೊಟ್ಟರಾಯಿತು. ಗಾರೆಯನ್ನೇ ಮುಟ್ಟದ ಹುಡುಗನ ತಲೆ ಉರುಳಿಸುವುದನ್ನು ನ್ಯಾಯವೆಂದು ಒಪ್ಪಲು ನನ್ನಿಂದಾಗದು. ಇಂದು ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಮಾತ್ರ, 5 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವಿದೆ. ಹಳೆಯ ದಂಡಸಂಹಿತೆಯಲ್ಲಿ ಮಿತಿ 2 ವರ್ಷವಾಗಿತ್ತು.

ಉತ್ತರ (ಮಂಜೇಶ್ವರ):
ನಮ್ಮ ಮನುಸ್ಮೃತಿಯನ್ನೂ ನೋಡಬೇಕು. ಅದರ 8ನೆಯ ಅಧ್ಯಾಯವು ಕಳ್ಳತನಕ್ಕೆ ಶೂದ್ರನಿಗೆ 8 ಪಟ್ಟು, ಬ್ರಾಹ್ಮಣನಿಗೆ 64 ಪಟ್ಟು ಹೊಣೆ ಹೊರಿಸುತ್ತದೆ ಎಂಬುದನ್ನು ಹಲವರು ಅಭಿಮಾನದಿಂದ ಉಲ್ಲೇಖಿಸುತ್ತಾರೆ. ಆದರೆ ಇತರರಿಗೆ ಮರಣದಂಡನೆಯಿರುವಲ್ಲಿ ಬ್ರಾಹ್ಮಣನಿಗೆ ತಲೆಬೋಳಿಸಿದರೆ ಸಾಕೆಂದು ಅದೇ ಅಧ್ಯಾಯ ಹೇಳುವುದನ್ನು (ಅನುಕೂಲಕ್ಕೋ ಏನೋ) ಬಿಟ್ಟುಬಿಡುತ್ತಾರೆ. ಸಂವಿಧಾನದ 14ನೆಯ ವಿಧಿ ತಡೆಯುವುದು ಇಂತಹ ತಾರತಮ್ಯವನ್ನೇ.

ಉತ್ತರ (ಮುಳ್ಳೇರಿಯ):
ಶಿಕ್ಷೆಗಿಂತ ಪರಿಹಾರಕ್ಕೆ ಒತ್ತು ಕೊಡುವ ಕ್ರಮವೂ ಹಳೆಯದೇ. ನಮ್ಮ ಕಾನತ್ತೂರಿನ ದೈವಸ್ಥಾನದಲ್ಲಿ ಇಂದಿಗೂ ಸಾಲ, ಗಡಿ ತಕರಾರುಗಳಿಗೆ ಇಬ್ಬರನ್ನೂ ಕರೆಸಿ ಮಾತನಾಡಿಸುತ್ತಾರೆ. ಹೊಸ ಸಂಹಿತೆಯೂ ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳ್ಳತನ ಮಾಡಿದವನು ಸೊತ್ತನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯನ್ನು ವಿಧಿಸುತ್ತದೆ.