ಡ್ರಾಪ್ ಸಿ ರಿದಮ್ ಟೋನ್: ಪಾಮ್ ಮ್ಯೂಟ್ ಎಲ್ಲಾ ಕಲಸುಮೇಲೋಗರ

ಪ್ರಶ್ನೆ:
ಎಲೆಕ್ಟ್ರಿಕ್ ಗಿಟಾರ್‌ನ ಅತಿ ಕೆಳಗಿನ ತಂತಿಯನ್ನು 'ಸಿ' ಸ್ವರಕ್ಕೆ ಇಳಿಸಿ (ಡ್ರಾಪ್ ಸಿ) ರಿದಮ್ ರೆಕಾರ್ಡ್ ಮಾಡ್ತಿದ್ದೀನಿ. 25.5 ಇಂಚು ಸ್ಕೇಲ್ (ತಂತಿಯ ನುಡಿಯುವ ಉದ್ದ), 10–46 ತಂತಿ (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ), ಬ್ರಿಜ್ ಕಡೆಯ ಹಂಬಕರ್ ಪಿಕಪ್. 5150 ಆಂಪ್ ಮಾದರಿಯ ಆಂಪ್ ಸಿಮ್ (ಆಂಪ್ ಅನುಕರಿಸುವ ಸಾಫ್ಟ್‌ವೇರ್), ಆಮೇಲೆ ವಿಂಟೇಜ್ 30 ಸ್ಪೀಕರ್‌ನ ಐಆರ್ (ಸ್ಪೀಕರ್ ಶಬ್ದದ ಗುಣ ಹಿಡಿದಿಟ್ಟ ಫೈಲ್). ಗೇನ್ (ಡಿಸ್ಟಾರ್ಷನ್ ಪ್ರಮಾಣ) 8, ಬಾಸ್ 7, ಮಿಡ್ 3, ಟ್ರೆಬಲ್ 7. ಗಿಟಾರ್ ಒಂದೇ ಕೇಳಿದರೆ ಭರ್ಜರಿ. ಡ್ರಮ್ಸ್, ಬಾಸ್ ಗಿಟಾರ್ ಸೇರಿದ ಕೂಡಲೇ ಹೂತುಹೋಗುತ್ತೆ. ವೇಗದ ಪಾಮ್ ಮ್ಯೂಟ್‌ನಲ್ಲಿ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವಾಗ) ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಲ್ಲ. ಒಂದೇ ಟೇಕ್ (ಒಂದು ಸಲ ನುಡಿಸಿದ ರೆಕಾರ್ಡಿಂಗ್) ಕಾಪಿ ಮಾಡಿ ಎಡಕ್ಕೂ ಬಲಕ್ಕೂ ಹಾಕಿದ್ದೀನಿ, ಅಗಲವೂ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಗೇನ್ 8 ಜಾಸ್ತಿಯಾಯ್ತು. 4–5ಕ್ಕೆ ಇಳಿಸಿ, ಆಂಪ್‌ಗಿಂತ ಮೊದಲು ಟ್ಯೂಬ್ ಸ್ಕ್ರೀಮರ್ (ಒಂದು ಓವರ್‌ಡ್ರೈವ್ ಪೆಡಲ್) ಇಡಿ: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಇಲ್ಲಿ ಅದರ ಕೆಲಸ ಡಿಸ್ಟಾರ್ಷನ್ ಸೇರಿಸೋದಲ್ಲ, ಕೆಳಗಿನ ಫ್ರೀಕ್ವೆನ್ಸಿಗಳನ್ನು ಆಂಪ್‌ಗೆ ಹೋಗುವ ಮೊದಲೇ ಸೋಸೋದು. ಆ ಲೋ ಎಂಡ್ ಪ್ರೀಆಂಪ್‌ನಲ್ಲಿ (ಆಂಪ್‌ನ ಮೊದಲ ಹಂತ) ಕ್ಲಿಪ್ ಆಗಿ ಒಡೆದಮೇಲೆ ಇಕ್ಯೂ (ಬಾಸ್, ಮಿಡ್, ಟ್ರೆಬಲ್ ಹೊಂದಿಕೆ) ಎಷ್ಟು ತಿರುಗಿಸಿದರೂ ಕೆಸರು ಹೋಗಲ್ಲ. ಮಿಡ್ 5–6ಕ್ಕೆ ಏರಿಸಿ, ಬಾಸ್ 4ಕ್ಕೆ ಇಳಿಸಿ. ಒಂಟಿಯಾಗಿ ಕೇಳುವಾಗ ಸ್ವಲ್ಪ ತೆಳು ಅನ್ನಿಸಬೇಕು, ಅದೇ ಸರಿ. ಕೆಳಗಿನ ಭಾರ ಹೊರೋದು ಬಾಸ್ ಗಿಟಾರ್ ಕೆಲಸ.

ಉತ್ತರ 2:
ಎಲ್ಲಕ್ಕಿಂತ ಮೊದಲು ತಂತಿ ಬದಲಾಯಿಸಿ! ಈ ಸ್ಕೇಲ್‌ನಲ್ಲಿ 46ನ್ನು 'ಸಿ' ಸ್ವರಕ್ಕೆ ಇಳಿಸಿದರೆ ತೀರಾ ಸಡಿಲ. ಜೋರಾಗಿ ಹೊಡೆದ ಕ್ಷಣಕ್ಕೆ ಶ್ರುತಿ ಮೇಲೇರಿ ಆಮೇಲೆ ಕೆಳಗಿಳಿಯುತ್ತೆ; ಯಾವ ಪ್ಲಗಿನ್ನೂ ಅದನ್ನು ಸರಿಮಾಡಲ್ಲ. ಕೆಳಗಿನ ತಂತಿ 56 ಇರುವ ಸೆಟ್ ಹಾಕಿ, ನಟ್‌ನ (ಗಿಟಾರ್ ತಲೆಯ ಕಡೆ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಅದು ಸಲೀಸಾಗಿ ಕೂರುತ್ತಾ ನೋಡಿ, ಇಂಟೋನೇಷನ್ (ಎಲ್ಲಾ ಫ್ರೆಟ್‌ನಲ್ಲೂ ಶ್ರುತಿ ಸರಿ ಬರುವ ಹೊಂದಿಕೆ) ಮತ್ತೆ ಹೊಂದಿಸಿ. ಪಿಕ್ 1 ಮಿ.ಮೀ.ಗಿಂತ ದಪ್ಪ ಇರಲಿ. ಆಡಿಯೋ ಇಂಟರ್‌ಫೇಸ್‌ನಲ್ಲಿ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಪೀಕ್ -12 ಡಿಬಿ ಆಸುಪಾಸು ಸಾಕು.

ಉತ್ತರ 3:
ಒಂದೇ ಟೇಕ್ ಎರಡೂ ಕಡೆ ಹಾಕಿದರೆ ಅದು ಮೋನೋನೇ, ಶಬ್ದ ಮಧ್ಯದಲ್ಲೇ ಕೂರುತ್ತೆ. ಒಂದನ್ನು ಕೆಲವು ಮಿಲಿಸೆಕೆಂಡ್ ಸರಿಸುವ ಉಪಾಯವೂ ಬೇಡ, ಮೋನೋದಲ್ಲಿ ಕೇಳಿದಾಗ ಟೋನ್ ಟೊಳ್ಳಾಗುತ್ತೆ. ಎರಡು ಸಲ ಬೇರೆಬೇರೆಯಾಗಿ ನುಡಿಸಿ, ಪೂರ್ತಿ ಎಡ, ಪೂರ್ತಿ ಬಲ. ಎರಡು ಟೇಕ್ ಸೇರಿದಾಗ ಗೇನ್ ತಾನಾಗೇ ಹೆಚ್ಚಿದಂತೆ ಕೇಳುತ್ತೆ, ಹಾಗಾಗಿ ಇನ್ನೂ ಒಂದು ಗೆರೆ ಇಳಿಸಬಹುದು.

ಐಆರ್ ಆದಮೇಲೆ 80 ಹರ್ಟ್ಸ್‌ಗೆ ಹೈಪಾಸ್ (ಅದರ ಕೆಳಗಿನದು ಕಟ್), 9 ಕಿಲೋಹರ್ಟ್ಸ್ ಹತ್ತಿರ ಲೋಪಾಸ್ (ಅದರ ಮೇಲಿನದು ಕಟ್). 3ರಿಂದ 5 ಕಿಲೋಹರ್ಟ್ಸ್ ನಡುವೆ ಸೀಟಿ ಹೊಡೆಯೋ ಜಾಗ ಹುಡುಕಿ ಕಿರಿದಾಗಿ 3–4 ಡಿಬಿ ಕಡಿಮೆ ಮಾಡಿ. ಜಾಸ್ತಿ ಕೊರೆದರೆ ಪಿಕ್ ಅಟ್ಯಾಕೂ ಸಾಯುತ್ತೆ. ಪಾಮ್ ಮ್ಯೂಟ್ ಗುಮ್ ಅಂದಾಗ ಮಾತ್ರ 100–250 ಹರ್ಟ್ಸ್ ಅದುಮಲು ಮಲ್ಟಿಬ್ಯಾಂಡ್ ಕಂಪ್ರೆಸರ್ (ಆಯ್ದ ಫ್ರೀಕ್ವೆನ್ಸಿ ಜೋರಾದಾಗ ಮಾತ್ರ ತಗ್ಗಿಸುವ ಪ್ಲಗಿನ್) ಬಳಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಕಡಿಮೆಯಾದಾಗ ಮುಚ್ಚುವ ಸಾಧನ) ಆಂಪ್ ನಂತರ ಇದೆ, ಕಾರ್ಡ್‌ನ (ಸ್ವರಗುಚ್ಛದ) ಬಾಲವನ್ನೂ ಕತ್ತರಿಸುತ್ತೆ. ಏನು ಮಾಡಲಿ?

ಉತ್ತರ 1:
ಗೇಟನ್ನು ಬೂಸ್ಟ್‌ಗಿಂತ (ಅಂದರೆ ಟ್ಯೂಬ್ ಸ್ಕ್ರೀಮರ್‌ಗಿಂತ) ಮೊದಲು ಇಡಿ. ಡಿಸ್ಟಾರ್ಷನ್ ಆದಮೇಲೆ ನಾದಕ್ಕೂ ಗುಯ್‌ಗುಟ್ಟುವಿಕೆಗೂ ಲೆವೆಲ್ ವ್ಯತ್ಯಾಸವೇ ಕಡಿಮೆ, ಗೇಟ್‌ಗೆ ಗೊಂದಲ. ತಂತಿಗಳನ್ನು ಅಂಗೈಯಲ್ಲಿ ಒತ್ತಿಹಿಡಿದು, ಸದ್ದು ನಿಲ್ಲುವವರೆಗೆ ಮಾತ್ರ ಥ್ರೆಶೋಲ್ಡ್ (ಗೇಟ್ ಮುಚ್ಚುವ ಮಟ್ಟ) ಏರಿಸಿ. ರಿಲೀಸ್ (ಮುಚ್ಚಲು ಹಿಡಿಯುವ ಸಮಯ) 60–80 ಮಿಲಿಸೆಕೆಂಡ್‌ನಿಂದ ಶುರುಮಾಡಿ. ಬಾಲ ತುಂಡಾದರೆ ಹೆಚ್ಚಿಸಿ.