ಹತ್ತು ಸಾವಿರ ಹೆಜ್ಜಿ

"ಲೇ ಪಾಂಡ್ಯಾ, ಯಾಕಲೇ ಹಂಗ ಕೈ ಝಾಡಸ್ಲಿಕ್ಕತ್ತೀ? ಜುಮು ಹಿಡದದೇನು?"

"ಸುಮ್ನಿರಪಾ. ಇನ್ನ ನಾಲ್ಕುನೂರು ಹೆಜ್ಜಿ ಕಮ್ಮಿ ಬಿದ್ದಾವ."

ಉಣಕಲ್ ಕೆರಿ ದಂಡಿಗೆ ಕಟ್ಟಿ ಮ್ಯಾಲೆ ಕೂತಗೊಂಡೇ ಪಾಂಡ್ಯಾ ವಾಕಿಂಗ್ ಮಾಡ್ಲಿಕ್ಕತ್ತಿದ್ದ. ಐವತ್ತು ದಾಟಿದ ಗಂಡಸರ ಮುಂಗೈಗೆಲ್ಲಾ ಈ ಕರೀ ಗಡಿಯಾರ ಯಾರು ಕಟ್ಟಿದ್ರೋ! ಮೊದಲ ವ್ಯಾಳ್ಯಾ ಎಷ್ಟಾತು ಅಂತ ಗಡಿಯಾರ ನೋಡತಿದ್ವಿ. ಈಗ ಎಷ್ಟು ಉಳದದ ಅಂತ ನೋಡತೀವಿ.

"ಈ ಹತ್ತು ಸಾವಿರ ಯಾವ ವೇದದಾಗ ಬರದದ?" ಅಂದೆ.

"ಎಲ್ಲಾರೂ ಹೇಳ್ತಾರಪಾ."

"ಎಲ್ಲಾರಿಗೂ ಯಾರು ಹೇಳಿದ್ರು? 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಿಸೋ ಯಂತ್ರ ಮಾರಲಿಕ್ಕೆ ತಗದ ಲೆಕ್ಕ ಅದು. 2019ರಾಗ ಹಾರ್ವರ್ಡಿನವರು ಸರಾಸರಿ 72 ವರ್ಷದ ಅಜ್ಜ್ಯಾರ ಹೆಜ್ಜಿ ಎಣಿಸಿ ನೋಡಿದ್ರು. ಏಳೂವರಿ ಸಾವಿರದ ಆಚೆ ನಡದರ ಆಯುಷ್ಯ ಮತ್ತೇನೂ ಹೆಚ್ಚಿಗಿ ಕಾಣಲಿಲ್ಲಂತ."

"ಅಂದ್ರ ದಿನಾ ಎರಡೂವರಿ ಸಾವಿರ ಲುಕ್ಸಾನ!" ಬಸ್ಯಾ ಮೊಳಕಾಲು ತಿಕ್ಕೊಂಡ. "ವಾಪಸ್ ಕೊಡೋರು ಯಾರದಾರ?"

"ನಿನಗೆಲ್ಲಿ ಲುಕ್ಸಾನೋ? ಗಡಿಯಾರ ಹೆಂಡ್ತಿ ಕೈಗೆ ಕಟ್ಟಿ ಒಲಿ ಮುಂದ ಕುಂಡ್ರಸ್ತೀ. ಆಕಿ ಹದಿನೈದು ರೊಟ್ಟಿ ಬಡಿಯೋದ್ರಾಗ ನೀ ನೃಪತುಂಗ ಬೆಟ್ಟಾ ಹತ್ತಿ ಇಳದಿರ್ತೀ. ಬೆವರು ಆಕಿದು, ಆರೋಗ್ಯ ನಿಂದು. ಲಗ್ನಾದಾಗಿಂದ ಹಿಂಗ ನಡದದ, ಈಗ ಲೆಕ್ಕ ಸಿಕ್ಕದ ಅಷ್ಟ."

ಬಸ್ಯಾ ಏನೂ ಅನ್ಲಿಲ್ಲ. ಗಿರಮಿಟ್ಟಿನ್ಯಾಗಿನ ಶೇಂಗಾ ಹುಡುಕಿ ಹುಡುಕಿ ತಿಂದ.

"ನಮ್ಮ ಮಗಾ," ಅಂದ ಪಾಂಡ್ಯಾ, "ಬೆಂಗಳೂರಾಗಿಂದನ ನನ್ನ ನಾಡಿ ನೋಡತಾನ. 'ಅಪ್ಪಾ, ರಾತ್ರಿ ಎರಡಕ್ಕ ಯಾಕ ಎದ್ದಿದ್ರಿ?' ಅಂತ ಮೆಸೇಜ್ ಹಾಕತಾನ."

"ಫೋನ್ ಮಾಡಂಗಿಲ್ಲೇನು?"

"ಯಾಕ ಮಾಡ್ಯಾನು? ಎಲ್ಲಾ ಅಲ್ಲೇ ಕಾಣತದಲ್ಲ."

ಈ ಮಾತಿಗೆ ನನ್ನ ಹತ್ರನೂ ಜೋಕ್ ಇರಲಿಲ್ಲ. ಇನ್ನೆರಡು ಪ್ಲೇಟ್ ಮಿರ್ಚಿ ಹೇಳಿ ಮಾತು ತಿರುವಿದೆ. "ಅದಿರ್ಲಿ, ನಿಮ್ಮ ಗ್ರೂಪಿನ್ಯಾಗ ಈ ವಾರ ಫಸ್ಟ್ ಯಾರು?"

ಇಬ್ರೂ ಮಾರಿ ಮಾರಿ ನೋಡಿಕೊಂಡ್ರು.

"ರಾಘ್ಯಾ."

ರಾಘ್ಯಾಂದು ವರ್ಷಾಂತಕ ಆಗಿ ಹೋಗೇದ. ಅಂವನ ಗಡಿಯಾರ ಮೊಮ್ಮಗ ಕಟಗೊಂಡು ಓಣಿ ತುಂಬ ಕ್ರಿಕೆಟ್ ಆಡತಾನ. ಹೆಸರು ಬದಲಿ ಮಾಡಲಿಕ್ಕೆ ಮನಿಯವರಿಗೆ ಮನಸಿಲ್ಲ, ಗ್ರೂಪಿನಿಂದ ತಗೀಲಿಕ್ಕೆ ಇವರಿಗೆ ಧೈರ್ಯ ಇಲ್ಲ. ಇದ್ದಾಗ ಓಣಿ ತುದಿಯ ಪಾನ್ ಅಂಗಡಿಗೂ ಸ್ಕೂಟರ್ ಮ್ಯಾಲೆ ಹೋಗಾಂವ. ಈಗ ದಿನಕ್ಕ ಹದಿನಾಲ್ಕು ಸಾವಿರ!

"ಹೋದಮ್ಯಾಲೆ ಆರೋಗ್ಯ ಭಾಳ ಸುಧಾರಿಸ್ಯದ ಬಿಡ್ರಿ," ಅಂದೆ.

ನಕ್ವಿ. ಹೊಟ್ಟಿ ಹಿಡಕೊಂಡು ನಕ್ವಿ. ಬಸ್ಯಾ ಕಣ್ಣು ಒರಸಿಕೊಂಡು ಮಿರ್ಚಿ ಭಾಳ ಖಾರ ಐತಿ ಅಂದ. ಮಿರ್ಚಿ ಇನ್ನೂ ಎಣ್ಣ್ಯಾಗಿತ್ತು.

ಪಾಂಡ್ಯಾ ತಟಕ್ಕನ ಎದ್ದು ನಿಂತ. "ನಾಳೆ ಹುಡುಗೂರದು ಮ್ಯಾಚ್ ಅದ ಅಂತ. ರಾಘ್ಯಾ ಇಪ್ಪತ್ತು ಸಾವಿರ ದಾಟತಾನ. ನಾ ಈಗಿಂದನ ನಡದರ ಅಷ್ಟು ಬೆನ್ನು ಹತ್ತಬಹುದು."

"ಅಂವನ ಬೆನ್ನು ಹತ್ತಲಿಕ್ಕೆ ಏನವಸರ ಅದನಲೇ ನಿನಗ? ಕುಂಡ್ರು, ಮಿರ್ಚಿ ಬಂತು."